ಕೂಸೇ, ಒಂದು ಎಕೋ ಮಾಡಿಸು

ಶಿರಸಿ

ಪ್ರೀತಿಯ ಕೂಸೇ,

ಆಯಿ ಫೋನಿನಲ್ಲಿ ಎಲ್ಲ ಹೇಳಿದ್ದಾಳೆ. ಅಳುತ್ತ ಹೇಳಿದ್ದರಿಂದ ನಿನಗೆ ಸರಿಯಾಗಿ ತಿಳಿದಿರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೃದಯದ ತೊಂದರೆ ಈಗ ಬಂದದ್ದಲ್ಲ, ಹುಟ್ಟಿನಿಂದಲೇ ಇತ್ತು. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ಅಯೋರ್ಟಾ. ಅದರ ಬಾಯಲ್ಲಿರುವ ವಾಲ್ವ್‌ಗೆ ಮೂರು ಎಸಳು ಇರಬೇಕು, ನನಗೆ ಇರುವುದು ಎರಡೇ. 100 ಜನರಲ್ಲಿ 1–2 ಮಂದಿಗೆ ಹೀಗಿರುತ್ತದೆ. ಪ್ರಾಯದಲ್ಲಿ ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ. ಬೆಟ್ಟದಿಂದ ಸೊಪ್ಪು ಹೊತ್ತಿದ್ದೇನೆ, ಕೊನೆಕೊಯ್ಲಿನಲ್ಲಿ ದಿನವಿಡೀ ದುಡಿದಿದ್ದೇನೆ. ವರ್ಷ ಕಳೆದಂತೆ ಎಸಳಿನ ಮೇಲೆ ಕ್ಯಾಲ್ಸಿಯಂ ಕಟ್ಟಿ ಗಟ್ಟಿಯಾಗುತ್ತದೆ, ದಾರಿ ಕಿರಿದಾಗುತ್ತದೆ. ತೋಟದಿಂದ ಮನೆಗೆ ಹತ್ತಿ ಬರುವಾಗ ಏದುಸಿರು ಬರುತ್ತಿದ್ದದ್ದು ಅದಕ್ಕೆ. ವಯಸ್ಸಾಯ್ತಲ್ಲ ಅಂತ ಎಲ್ಲರೂ ಅಂದುಕೊಂಡೆವು.

ಈಗ ಆ ವಾಲ್ವ್ ಬದಲಿಸುವ ಆಪರೇಷನ್ ಆಗಬೇಕು. ಅದಕ್ಕೆ ಮೊದಲು ಆಂಜಿಯೋಗ್ರಾಂ, ಅಂದರೆ ಹೃದಯದ ರಕ್ತನಾಳಗಳ ಪರೀಕ್ಷೆ, ಮಾಡಿದಾಗ ಇನ್ನೊಂದು ಕಂಡಿತು. ಹೃದಯಕ್ಕೇ ರಕ್ತ ಕೊಡುವ, ಎಡಗಡೆಯಿಂದ ಹೊರಡಬೇಕಾದ ಒಂದು ರಕ್ತನಾಳ ಬಲಗಡೆಯಿಂದ ಹೊರಟು, ಅಯೋರ್ಟಾದ ಹಿಂದೆ ಬಳಸಿ ಎಡಕ್ಕೆ ಹೋಗಿದೆ. ಇದೂ ಹುಟ್ಟಿನದೇ. ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳ ನಡುವೆ ನುಸುಳಿ ಹೋಗುವಂಥದ್ದು ಅಪಾಯದ್ದು, ಆಡುವ ವಯಸ್ಸಿನ ಮಕ್ಕಳ ಜೀವವನ್ನೇ ತೆಗೆಯಬಹುದು. ನನ್ನದು ಅದಲ್ಲ, ಸಾಮಾನ್ಯವಾಗಿ ಸುಮ್ನೆ ಇರುವಂಥದ್ದು. ಆದರೆ ವಾಲ್ವ್ ಬದಲಿಸುವಾಗ ಹೊಲಿಗೆಯಲ್ಲಿ ಈ ನಾಳ ಸಿಕ್ಕಿಕೊಳ್ಳಬಾರದು. ಮೊದಲೇ ಕಂಡದ್ದು ಎಷ್ಟು ಒಳ್ಳೆಯದಾಯ್ತು, ಅಲ್ವಾ?

ಈಗ ನಿನ್ನ ವಿಷಯ. ಎರಡೆಸಳಿನ ವಾಲ್ವ್ ಕೆಲವು ಮನೆತನಗಳಲ್ಲಿ ಬರುತ್ತದೆ. ಹಾಗಾಗಿ ಒಡಹುಟ್ಟಿದವರೂ ಮಕ್ಕಳೂ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕು ಎನ್ನುತ್ತಾರೆ ಡಾಕ್ಟರು. ಗಂಡಸರಲ್ಲಿ ಇದು ಜಾಸ್ತಿ, ನಿನ್ನ ತಮ್ಮನಿಗೂ ಹೇಳಿದ್ದೇನೆ. ಆದರೆ ನಿನಗೆ ಅವಸರವಿದೆ. ನೀನೂ ಅಳಿಯನೂ ಮಗುವಿನ ಯೋಚನೆಯಲ್ಲಿದ್ದೀರಿ. ಇಂಥ ವಾಲ್ವ್ ಇರುವ ಕೆಲವರಿಗೆ ಅಯೋರ್ಟಾ ಹಿಗ್ಗಿರುತ್ತದೆ. ಬಸುರಿನಲ್ಲಿ ರಕ್ತ ಹೆಚ್ಚಾಗಿ ಅದರ ಮೇಲೆ ಒತ್ತಡ ಬೀಳುತ್ತದೆ. ಹಾಗೇನಾದರೂ ಇದ್ದರೆ ಮೊದಲೇ ತಿಳಿದಿರಬೇಕು. ಇಲ್ಲ ಎಂದಾದರೆ ನಮಗೆಲ್ಲ ನೆಮ್ಮದಿ. ನನಗೆ ಇದೆ ಅಂದಮಾತ್ರಕ್ಕೆ ನಿನಗೂ ಇರುತ್ತದೆ ಎಂದಲ್ಲ.

ಎಕೋದಲ್ಲಿ ಸೂಜಿ ಇಲ್ಲ, ನೋವಿಲ್ಲ. ಎದೆಯ ಮೇಲೆ ಜೆಲ್ ಹಚ್ಚಿ ನೋಡುತ್ತಾರೆ, ಅಷ್ಟೇ. ನಾವಿಲ್ಲಿ ಹೃದಯದ ಆಪರೇಷನ್ ಎಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕು. ಈ ಜಿಲ್ಲೆಯವರ ಕಷ್ಟ ಯಾವಾಗ ತೀರುತ್ತದೋ. ನಿನಗೆ ಬೆಂಗಳೂರಿನಲ್ಲಿ ಎಲ್ಲ ಹತ್ತಿರ. ‘ನನಗೇನೂ ಆಗ್ತಿಲ್ಲ’ ಎನ್ನಬೇಡ. ನನಗೂ ಇಷ್ಟು ವರ್ಷ ಏನೂ ಆಗಿರಲಿಲ್ಲ.

ಈ ವಾರವೇ ಹೋಗು. ‘ಅಪ್ಪನಿಗೆ ಬೈಕಸ್ಪಿಡ್ ವಾಲ್ವ್ ಇದೆ’ ಅಂತ ಡಾಕ್ಟರಿಗೆ ಹೇಳು, ಎರಡೆಸಳಿನ ವಾಲ್ವ್‌ಗೆ ಅವರು ಹಾಗೆನ್ನುತ್ತಾರೆ. ರಿಪೋರ್ಟ್ ಬಂದ ಕೂಡಲೇ ಮೊದಲು ನನಗೆ ಫೋನ್ ಮಾಡು, ಆಯಿಗೆ ನಾನು ಹೇಳುತ್ತೇನೆ.

ನಿನ್ನ
ಅಪ್ಪ