ಬಿಗಿ ಬಿಡೋದು ಕಲಿ, ದೋಸ್ತ

ದೋಸ್ತ,

ನಿನ್ನ ರಿಪೋರ್ಟ್ ನೋಡೀನಿ. ಮೂತ್ರದ ಕಲ್ಚರಿನಾಗ (ಸೋಂಕಿನ ಪರೀಕ್ಷಾದಾಗ) ಏನೂ ಬೆಳೆದಿಲ್ಲ, ಸ್ಕ್ಯಾನ್ ಸ್ವಚ್ಛ ಅದ. ಆದ್ರೂ ನೆಹರೂ ಗಂಜಿನ ಅಡತ್ ಅಂಗಡಿ ಗಾದಿ ಮ್ಯಾಲ ಒಂದು ತಾಸು ಕುಂತ್ರ ಕಿಬ್ಬೊಟ್ಟಿ ಕೆಳಗ ಉರೀತದ. ನೋವು ಸುಳ್ಳಲ್ಲ. ಮೂತ್ರಕೋಶದ ಕೆಳಗ ಜೋಳಿಗಿ ಹಂಗ ತೂಗೋ ಸ್ನಾಯು ಅದ. ಚಿಂತಿ ಆದಾಗ ಹೆಗಲು ಬಿಗಿದಂಗ ಅದೂ ಬಿಗೀತದ, ಕಾಣಂಗಿಲ್ಲ ಅಷ್ಟೇ. ಬಿಗಿದ್ರ ನೋವು, ನೋವಿಗೆ ಅಂಜಿಕಿ, ಅಂಜಿದ್ರ ಮತ್ತಷ್ಟು ಬಿಗಿ. ತಿಂಗಳುಗಟ್ಲೆ ಹಿಂಗೇ ನಡದ್ರ ನರ ಸೂಕ್ಷ್ಮ ಆಗಿ, ಗಾಯ ಇಲ್ಲದಿದ್ರೂ ಮಿದುಳು ಗಂಟಿ ಬಾರಿಸ್ತದ. ತೊಗರಿ ಧಾರಣಿ ಬಿದ್ದ ದಿನ ನೋವು ಏರಿ, ಸೂಟಿ ದಿನ ಇಳೀತದೇನು ನೋಡು. ನೋವು ಈ ಬಿಗಿಯಿಂದ ಬರ್ತದ ಅನ್ನಾಕ ಅದೇ ದೊಡ್ಡ ಗುರುತು.

ಮೊಬೈಲ್ ನೋಡಿ ಕೀಗಲ್ ವ್ಯಾಯಾಮ, ಅಂದ್ರ ಈ ಸ್ನಾಯು ಮತ್ತ ಮತ್ತ ಬಿಗಿ ಹಿಡಿಯೋದು, ಮಾಡಬ್ಯಾಡ. 1948ರಾಗ ಡಾಕ್ಟರ್ ಅರ್ನಾಲ್ಡ್ ಕೀಗಲ್ ಬರದದ್ದು ಸಡಿಲಾದ ಸ್ನಾಯುವಿಗೆ; ನಿಂದು ಮೊದಲೇ ಬಿಗಿದದ.

ಅಂಗಾತ ಮಲಗಿ ಮೊಣಕಾಲ ಕೆಳಗ ದಿಂಬು ಇಡು. ಮೂಗಿಲೆ 4 ಎಣಿಸೋತನ ಉಸಿರು ಒಳಗ, 6 ಎಣಿಸೋತನ ಹೊರಗ. ಒಳಗ ತಗೊಂಡಾಗ ವಪೆ (ಎದಿ-ಹೊಟ್ಟಿ ನಡುವಿನ ಉಸಿರಿನ ಸ್ನಾಯು) ಇಳೀತದ, ಅದರ ಸಂಗಡ ತಳದ ಸ್ನಾಯುನೂ ಇಳೀತದ. ಮೂತ್ರ ಸುರು ಆಗೋ ಹೊತ್ತಿಗಿ ಸಡಿಲ ಬಿಡ್ತದಲ್ಲ, ಹಂಗ. 10 ನಿಮಿಷ, ದಿನಕ್ಕ 2 ಸಲ. ಭಾಳ ಮಂದಿ ಇಲ್ಲೇ ತಪ್ಪತಾರ: ತಿಣುಕತಾರ, ಇಲ್ಲಾ ಘಳಿಗಿಗೊಮ್ಮೆ ‘ಸಡಿಲಾತೇನು’ ಅಂತ ಪರೀಕ್ಷಾ ಮಾಡ್ತಾರ. ಎರಡಕ್ಕೂ ಅದು ಬಿಗೀತದ.

ನೋವು ಬಂದ್ರ ಓಡಿಸಾಕ ಹೋಗಬ್ಯಾಡ. ಎಲ್ಲಿ ಅದ, ಉರಿಯೋ ಚುಚ್ಚೋ, ಜಾಗ ಬದಲಸ್ತದೋ ಅಂತ 2 ನಿಮಿಷ ಸುಮ್ನ ನೋಡು, ‘ಅಹಿತ ಅದ, ಅಪಾಯ ಇಲ್ಲ’ ಅಂತ ಮನಸಿಗಿ ಹೇಳು. ನೋವು ಭಾಳ ಏರಿದ್ದಾಗ ಮಾತ್ರ ಇದು ಬ್ಯಾಡ. ಆಗ ಉಗುರುಬೆಚ್ಚಗಿನ ನೀರಿನ ಟಬ್ಬಿನಾಗ 15 ನಿಮಿಷ ಕೂಡು.

ಗಾದಿ ಬಿಡಬ್ಯಾಡ. 20 ನಿಮಿಷ ಕುಂತು, ನೋವು ಸುರು ಆಗೋಕಿಂತ ಮೊದಲ ಎದ್ದು ನಾಕು ಹೆಜ್ಜಿ ಅಡ್ಯಾಡು. 3–4 ದಿನಕ್ಕೊಮ್ಮೆ 5 ನಿಮಿಷ ಏರಿಸು. ದಿನಾ ನೋವಾದ ಮ್ಯಾಲೇ ಎದ್ರ, ಕೂಡೋದೇ ಅಪಾಯ ಅಂತ ಮಿದುಳು ಕಲೀತದ. ನಡುವ ಒಂದೆರಡು ಕೆಟ್ಟ ದಿನ ಬಂದೇ ಬರ್ತಾವ, ಲೆಕ್ಕ ಮತ್ತ ಸೊನ್ನಿಗಿ ತರಬ್ಯಾಡ.

ಮತ್ತ, ಬಾತ್‌ರೂಮಿಗಿ ಅಂಜಿ ನೀರು ಕಡಿಮಿ ಕುಡೀಬ್ಯಾಡ. ನಮ್ಮ ಕಲಬುರಗಿ ಬ್ಯಾಸಿಗ್ಯಾಗ ಮೂತ್ರ ದಪ್ಪಾಗಿ ಉರಿ ಹೆಚ್ಚತದ. ಮಲಬದ್ಧತಿ ಇದ್ರ ಮೊದಲ ಅದಕ್ಕ ಮದ್ದು ಮಾಡು. ತಿಣುಕಿದ್ರ ವಾರದ ಅಭ್ಯಾಸ ನೀರಾಗ.

ಜ್ವರ, ಮೂತ್ರದಾಗ ರಕ್ತ, ಮೂತ್ರ ಕಟ್ಟೋದು, ತೊಡಿ ಸಂದಿ ಮರಗಟ್ಟೋದು, ಇವ್ಯಾವರ ಕಂಡ್ರ ಉಸಿರಿನ ಅಭ್ಯಾಸ ಬಿಟ್ಟು ಅವತ್ತೇ ದವಾಖಾನಿಗಿ ಹೋಗು.

ನಿನ್ನ ದೋಸ್ತ