ಸಿಟಿ ಬಸ್ಸಿಗೂ ಮಳೆಗಾಲದ ಟೈಮಿಂಗ್ ಬೇಕು

ಮಾನ್ಯ ಸಂಪಾದಕರೇ,

ಮಂಗಳೂರಿನ ಖಾಸಗಿ ಸಿಟಿ ಬಸ್ಸುಗಳ ಪೈಪೋಟಿ ಓಟದ ಸುದ್ದಿ ಬಂದಾಗಲೆಲ್ಲ ಬೈಗುಳ ತಿನ್ನುವುದು ಚಾಲಕರು. ದಂಡ ಹಾಕಿ, ಲೈಸೆನ್ಸ್ ಅಮಾನತು ಮಾಡಿ ಎಂಬ ಒತ್ತಾಯ ಕೇಳಿಬರುತ್ತದೆ. ಅಡ್ಡಾದಿಡ್ಡಿ ಓಡಿಸುವವರ ಪರ ವಾದಿಸಲು ಈ ಪತ್ರ ಬರೆಯುತ್ತಿಲ್ಲ. ಆದರೆ ಟೈಮಿಂಗ್ ಪಟ್ಟಿ ಹಾಗೇ ಇದ್ದರೆ ಇಂದಿನ ಚಾಲಕನನ್ನು ಇಳಿಸಿ ಬೇರೆಯವನನ್ನು ಕೂರಿಸಿದರೂ ಅವನೂ ಹಾಗೆಯೇ ಓಡಿಸಬೇಕಾಗುತ್ತದೆ.

ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ಹೋಗುವ ಮಾರ್ಗವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹೋಗಲು 50 ನಿಮಿಷ, ಬರಲು 50, ಎರಡೂ ಕೊನೆಯಲ್ಲಿ ಹತ್ತು ಹತ್ತು ನಿಮಿಷದ ನಿಲುಗಡೆ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ 120 ನಿಮಿಷ. 5 ನಿಮಿಷಕ್ಕೊಂದು ಬಸ್ ಬಿಡಲು 24 ಬಸ್ ಬೇಕು. ಈಗ ಕೊಟ್ಟಾರ ಚೌಕಿಯಲ್ಲೋ ಕೂಳೂರು ಸೇತುವೆಯ ಬಳಿಯೋ ವಾಹನಗಳ ಸಾಲು ನಿಂತು, ಒಂದು ಕಡೆಯ ಓಟಕ್ಕೆ 60 ನಿಮಿಷ ಬೇಕಾಯಿತು ಎನ್ನಿ. ಎರಡೂ ಕೊನೆಯ ಬಿಡುವು ಅಲ್ಲಿಗೆ ಮುಗಿಯಿತು. ಚಾಲಕನಿಗೆ ಚಹಾ ಕುಡಿಯಲಿಕ್ಕೂ ಪುರುಸೊತ್ತಿಲ್ಲ; ಬಂದ ಬಸ್ಸನ್ನು ತಿರುಗಿಸಿ ಹೊರಡಬೇಕು. ಮತ್ತೆ 5 ನಿಮಿಷ ತಡವಾದರೆ ಅದನ್ನು ರಸ್ತೆಯಲ್ಲೇ ಹಿಡಿಯಬೇಕು.

ಬಿಡುವು ಉಳಿಸಿಕೊಂಡು ಸುತ್ತನ್ನು 140 ನಿಮಿಷಕ್ಕೆ ಏರಿಸಿದರೆ ಅದೇ 24 ಬಸ್ಸುಗಳ ನಡುವಿನ ಅಂತರ 6 ನಿಮಿಷದೊಳಗೇ ಇರುತ್ತದೆ. ಪ್ರಯಾಣಿಕ ಕಾಯಬೇಕಾದದ್ದು ಹೆಚ್ಚೆಂದರೆ ಇನ್ನೊಂದು ನಿಮಿಷ. ಕಷ್ಟ ಇರುವುದು ಮಾಲೀಕರ ಲೆಕ್ಕದಲ್ಲಿ: 14 ಗಂಟೆಯ ದುಡಿಮೆಯಲ್ಲಿ 7 ಸುತ್ತು ಬರುತ್ತಿದ್ದ ಬಸ್ 6 ಸುತ್ತಿಗೆ ಇಳಿಯುತ್ತದೆ. ಆದರೆ ಆ ಒಂದು ಸುತ್ತಿನ ಡೀಸೆಲ್, ಬ್ರೇಕ್ ಲೈನಿಂಗ್, ಟಯರ್ ಸವೆತ ಉಳಿಯುತ್ತದೆ, ಪ್ರಯಾಣಿಕರು ಉಳಿದ ಟ್ರಿಪ್‌ಗಳಲ್ಲೇ ಹತ್ತುತ್ತಾರೆ. ಬೆಳಿಗ್ಗೆ ಮತ್ತು ಸಂಜೆಯ ರಶ್ಶಿಗೆ ಮಾತ್ರ ಹೆಚ್ಚುವರಿ ಬಸ್ ಕೊಡಲೇಬೇಕು. ಇಲ್ಲದಿದ್ದರೆ ಜನ ಫುಟ್‌ಬೋರ್ಡಿನಲ್ಲಿ ನೇತಾಡಬೇಕಾಗುತ್ತದೆ.

ಅರ್ಧ ಗಂಟೆ ಬಸ್ಸೇ ಇಲ್ಲ, ಬಂದರೆ ಒಟ್ಟಿಗೆ ಮೂರು ಎಂಬ ದೂರಿಗೂ ಇದೇ ಕಾರಣ. 5 ನಿಮಿಷದ ಅಂತರದಲ್ಲಿ ಒಂದು ಬಸ್ 2 ನಿಮಿಷ ತಡವಾಗಿದೆ ಎನ್ನಿ. ಪ್ರತಿ ಸ್ಟಾಪಿಗೆ ನಿಮಿಷಕ್ಕೆ ಇಬ್ಬರಂತೆ ಜನ ಬರುವುದಾದರೆ ಅದಕ್ಕೆ 10 ಜನರ ಬದಲು 14 ಜನ ಸಿಗುತ್ತಾರೆ. ಒಬ್ಬರು ಹತ್ತಲು 3 ಸೆಕೆಂಡ್ ಹಿಡಿದರೆ ಸ್ಟಾಪಿಗೆ 12 ಸೆಕೆಂಡ್ ಹೆಚ್ಚು. ಅದರ ಹಿಂದೆ ಬರುವ ಬಸ್ಸಿಗೆ ಈಗ ಇರುವ ಅಂತರ 3 ನಿಮಿಷ, ಸಿಗುವುದು 6 ಜನ. ಅದಕ್ಕೆ 12 ಸೆಕೆಂಡ್ ಉಳಿತಾಯ. ಹೀಗೆ ಸ್ಟಾಪಿಗೆ 24 ಸೆಕೆಂಡ್ ಅಂತರ ಕರಗುತ್ತ, ಏಳೆಂಟು ಸ್ಟಾಪ್ ದಾಟುವಷ್ಟರಲ್ಲಿ ಎರಡೂ ಬಸ್ಸು ಬೆನ್ನು ಬೆನ್ನಿಗೆ ನಿಂತಿರುತ್ತವೆ. ಆಮೇಲೆ ಮುಂದಿನ ಸ್ಟಾಪಿನ ಜನರಿಗಾಗಿ ಓವರ್‌ಟೇಕ್. ಚಾಲಕ, ಕಂಡಕ್ಟರರ ಬಾಟಾ (ದಿನಭತ್ಯೆ) ದಿನದ ಕಲೆಕ್ಷನ್‌ಗೆ ಅಂಟಿಕೊಂಡಿರುವಾಗ ಹಿಂದಿನ ಬಸ್ಸಿನವರು ಸುಮ್ಮನಿರುವುದು ಹೇಗೆ?

ಮಳೆಗಾಲದಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಕೊಡೆ ಮಡಚಿ, ಕೈಚೀಲ ಹೆಗಲಿಗೆ ಏರಿಸಿ, ಒದ್ದೆ ಮೆಟ್ಟಿಲಿಗೆ ಕಾಲಿಡಲು ಬಿಸಿಲಿನಲ್ಲಿ 3 ಸೆಕೆಂಡ್ ಸಾಕಾದವರಿಗೆ 6 ಬೇಕು. ಕಿಟಕಿಯ ಶಟರ್ ಇಳಿಸಿದರೆ ಒಳಗಿದ್ದವರಿಗೆ ಯಾವ ಸ್ಟಾಪ್ ಬಂತೆಂದು ಕಾಣುವುದಿಲ್ಲ. ಏಳುವುದೂ ತಡ, ಇಳಿಯುವುದೂ ತಡ. ಆದರೂ ಕಂಡಕ್ಟರ್ ಮಾತ್ರ 'ಪೋಯಿ, ಪೋಯಿ' (ತುಳುವಿನಲ್ಲಿ 'ಹೋಗೋಣ') ಎನ್ನಲೇಬೇಕು. ಒಂದು ಕಾಲು ಇನ್ನೂ ನೆಲದ ಮೇಲಿರುವಾಗ ಬಸ್ ಹೊರಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೊಂಕಣ ರೈಲ್ವೆ ಪ್ರತಿ ವರ್ಷ ಜೂನ್‌ನಲ್ಲಿ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿ ಜಾರಿಗೆ ತರುತ್ತದೆ. ವೇಗ ಇಳಿಸಿ ಓಟದ ಸಮಯ ಹೆಚ್ಚಿಸುತ್ತದೆ. ಅದೇ ಊರಿನಲ್ಲಿ, ಅದೇ ಮಳೆಯಲ್ಲಿ ಓಡುವ ಬಸ್ಸಿಗೆ ಬೇಸಿಗೆಯ ಟೈಮಿಂಗ್ ಯಾಕೆ?

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 72ನೇ ಕಲಂ ಪ್ರಕಾರ ಪರ್ಮಿಟ್‌ನ ಷರತ್ತುಗಳನ್ನು ಕನಿಷ್ಠ ಒಂದು ತಿಂಗಳ ನೋಟಿಸ್ ಕೊಟ್ಟು ಬದಲಿಸುವ ಅಧಿಕಾರ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕಿದೆ. ಏಪ್ರಿಲ್ ಕೊನೆಗೆ ನೋಟಿಸ್ ಹೋದರೆ ಜೂನ್‌ಗೆ ಹೊಸ ಟೈಮಿಂಗ್ ಸಿದ್ಧ. ಸಮಯ ಗೊತ್ತುಮಾಡಲು ಊಹೆಯೂ ಬೇಡ. ಚಲೋ ಆಪ್‌ನಲ್ಲಿ ಬಸ್ ಎಲ್ಲಿದೆ ಎಂದು ಕಾಣುತ್ತದೆ ಎಂದ ಮೇಲೆ ಜಿಪಿಎಸ್ ದಾಖಲೆಯೂ ಇರಬೇಕಲ್ಲ. ಕಳೆದ ಮಳೆಗಾಲದ ಒಂದು ತಿಂಗಳ ದಾಖಲೆ ತೆಗೆದು, ಗಂಟೆವಾರು ಬೇರ್ಪಡಿಸಿ, ನೂರರಲ್ಲಿ 85 ಟ್ರಿಪ್ ಎಷ್ಟು ನಿಮಿಷದೊಳಗೆ ಮುಗಿದಿವೆ ಎಂದು ನೋಡಿದರೆ ಅದೇ ಆ ಹೊತ್ತಿನ ಓಟದ ಸಮಯ. ಸರಾಸರಿ ಹಿಡಿಯಬಾರದು, ಸರಾಸರಿ ಹಿಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಟ್ರಿಪ್ ತಡವಾಗಿಯೇ ಮುಗಿಯುತ್ತವೆ. ಲಾಲ್‌ಬಾಗ್, ಕೊಟ್ಟಾರ ಚೌಕಿ, ಪಣಂಬೂರಿನಂಥ ಎರಡು ಮೂರು ಕಡೆ ಹೊತ್ತಿಗೆ ಮುಂಚೆ ಹೊರಡಬಾರದೆಂಬ ನಿಯಮವೂ ಬೇಕು. ತಡವಾಗಿ ಬಂದವನಿಗಿಂತ ಬೇಗ ಹೋದವನಿಂದ ಬಸ್ಸುಗಳ ಸಾಲು ಹೆಚ್ಚು ಕೆಡುತ್ತದೆ.

ಅದೇ 72ನೇ ಕಲಂ, ಅನುಮೋದಿತ ವೇಳಾಪಟ್ಟಿಯನ್ನು ಬಸ್ಸಿನಲ್ಲೂ ಗೊತ್ತುಪಡಿಸಿದ ನಿಲ್ದಾಣಗಳಲ್ಲೂ ಹಾಕಿಸಲು, ದಿನಕ್ಕೆ ಕನಿಷ್ಠ ಇಷ್ಟು ಟ್ರಿಪ್ ಎಂದು ವಿಧಿಸಲು ಅವಕಾಶ ಕೊಡುತ್ತದೆ. ಸ್ಟಾಪಿನಲ್ಲಿ ಪಟ್ಟಿ ಇದ್ದರೆ ರಾತ್ರಿಯ ಕೊನೆಯ ಟ್ರಿಪ್ ಕಟ್ ಆದದ್ದು ಕಾದು ನಿಂತವರಿಗೆ ತಿಳಿಯುತ್ತದೆ, ದೂರು ಕೊಡಲು ಆಧಾರವೂ ಸಿಗುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಖಾಸಗಿ ಬಸ್ಸಿಗೆ ಅನ್ವಯಿಸುವುದಿಲ್ಲ. ಖಾಸಗಿ ಬಸ್ಸನ್ನೇ ನಂಬಿದ ನಮ್ಮ ಹೆಂಗಸರು ಇಂದಿಗೂ ದುಡ್ಡು ಕೊಟ್ಟೇ ಓಡಾಡುತ್ತಿದ್ದಾರೆ. ಕಾಲು ಪೂರ್ತಿ ಮೇಲಿಟ್ಟ ಮೇಲೆ ಹೊರಡುವ ಬಸ್ಸಾದರೂ ಅವರಿಗೆ ಸಿಗಬೇಕು.

ಉಡುಪಿಯಲ್ಲಿ ಕಲ್ಸಂಕ, ಇಂದ್ರಾಳಿ ದಾಟಿ ಮಣಿಪಾಲ ಏರುವ ಬಸ್ಸುಗಳಿಗೂ ಇದೇ ಲೆಕ್ಕ. ಎರಡೂ ಜಿಲ್ಲೆಗಳ ಪ್ರಾಧಿಕಾರಗಳಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಮುಂದಿನ ಸಭೆಯ ಕಾರ್ಯಸೂಚಿಗೆ ಈ ವಿಷಯ ಸೇರಿಸಬೇಕೆಂದು ಅವರಲ್ಲಿ ವಿನಂತಿ.

– ನಿತ್ಯ ಪ್ರಯಾಣಿಕರು, ಸುರತ್ಕಲ್