ತುದಿ ಬಿಟ್ಟು ಕಡಿ

ಬಾನ್, ಜರ್ಮನಿ
ಅಕ್ಟೋಬರ್ 12

ತೀರ್ಥರೂಪು ಅಪ್ಪಯ್ಯನಿಗೆ, ಆಯಿಗೆ ಸಾಷ್ಟಾಂಗ ನಮಸ್ಕಾರಗಳು. ತಮ್ಮ ರಘುವಿಗೆ ಆಶೀರ್ವಾದ.

ಇಲ್ಲಿ ನಾವು ಮೂವರೂ ಕ್ಷೇಮ. ಅಲ್ಲಿ ಮಳೆ ಹಿಂದೆ ಸರಿದಿರಬೇಕು. ಈ ಸಲ ಕೊಳೆರೋಗ ಬಂದು ಎಷ್ಟು ಅಡಿಕೆ ಉದುರಿತು, ಮೂರನೇ ಸಲ ಮರ ಹತ್ತಿ ಮದ್ದು ಹೊಡೆಯಲು ಕೊನೆಗೌಡ ಸಿಕ್ಕನೋ ಇಲ್ಲವೋ, ಒಂದೂ ತಿಳಿಯಲಿಲ್ಲ. ಆಯಿಯ ಮಂಡಿನೋವಿಗೆ ಎಣ್ಣೆ ತಿಕ್ಕುವುದು ನಿಲ್ಲಿಸಬೇಡಿ. ಫೋನಿನಲ್ಲಿ ಹೇಳಿ ಮುಗಿಯದ ಒಂದು ಸಂಗತಿ ಇದೆ, ಅದಕ್ಕೇ ಕಾಗದ ಬರೆಯಲು ಕೂತೆ.

ಪುಟ್ಟಿ ಈಗ ಮೂರನೇ ಕ್ಲಾಸು. ಕಳೆದ ವಾರ ಅವಳ ಕ್ಲಾಸಿನ ಮಕ್ಕಳನ್ನೆಲ್ಲ ಇಡೀ ದಿನ ಕಾಡಿಗೆ ಕರೆದುಕೊಂಡು ಹೋಗಿದ್ದರು. ಜೊತೆಗೆ ಇಬ್ಬರು ಪೋಷಕರು ಬೇಕು ಅಂದಾಗ ನಾನು ಹೆಸರು ಕೊಟ್ಟೆ. ಊರಿಗೆ ತಾಗಿದ ಗುಡ್ಡದ ಮೇಲೆ ಕೊಟ್ಟೆನ್‌ಫೋರ್ಸ್ಟ್ ಅನ್ನುವ ದೊಡ್ಡ ಕಾಡಿದೆ. ಸಿಟಿ ಬಸ್ಸು ಇಳಿದು ಸ್ವಲ್ಪ ನಡೆದರೆ ಓಕ್, ಬೀಚ್ ಮರಗಳು ಶುರು. ಈ ದೇಶದ ಮೂರನೇ ಒಂದು ಭಾಗ ಕಾಡೇ. ಹೆಚ್ಚುಕಡಿಮೆ ಎಲ್ಲವೂ ಮನುಷ್ಯ ಕಡಿದು, ನೆಟ್ಟು, ಮತ್ತೆ ಕಡಿದು ಬಂದ ಕಾಡು. ನಮ್ಮ ಕಾನಿನ ಹಾಗೆ ಬಳ್ಳಿ, ಬೆತ್ತ, ಉಂಬಳ ಇಲ್ಲ. ಬರಿಗಾಲಲ್ಲಿ ನಡೆಯಬಹುದು.

ಮಕ್ಕಳಿಗೆ ಪಾಠ ಹೇಳಿದ್ದು ಒಬ್ಬ ಫಾರೆಸ್ಟರ್ ಹೆಂಗಸು. ಮೊದಲು ಕರೆದುಕೊಂಡು ಹೋಗಿದ್ದು ಸತ್ತ ಮರಗಳ ಹತ್ತಿರ. ಸ್ಪ್ರೂಸ್ ಅಂತ, ಸೂಜಿಯಂಥ ಎಲೆಯ ಮರ. ನೆಟ್ಟಗೆ ಬೆಳೆದು ನಿಂತಲ್ಲೇ ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದವು. ಅವಳು ಒಂದು ಮರದ ತೊಗಟೆಯನ್ನು ಅಂಗೈ ಅಗಲ ಸುಲಿದು ಮಕ್ಕಳ ಕೈಗೆ ಕೊಟ್ಟಳು. ಅಪ್ಪಯ್ಯ, ಅದರ ಒಳಮೈಯನ್ನು ನೀವು ನೋಡಬೇಕಿತ್ತು. ಮಧ್ಯದಲ್ಲಿ ಮೇಲಿಂದ ಕೆಳಗೆ ಒಂದು ಗೀರು, ಅದರ ಎರಡೂ ಪಕ್ಕಕ್ಕೆ ಸಾಲುಸಾಲಾಗಿ ಸಣ್ಣ ಗೀರುಗಳು. ಹೋದಹಾಗೆ ಅಗಲವಾಗಿ ಕೊನೆಯಲ್ಲಿ ಒಂದೊಂದು ಗುಳಿ. ತಾಳೆಗರಿಯ ಮೇಲೆ ಯಾರೋ ಕಂಟದಿಂದ ಬರೆದ ಹಾಗೆ. ಈ ಕೆಲಸ ಮಾಡುವ ಹುಳ ಅಕ್ಕಿಕಾಳಿಗಿಂತ ದೊಡ್ಡದಿಲ್ಲ. ಜರ್ಮನ್ನರು ಅದನ್ನು ಕರೆಯುವುದೇ 'ಪುಸ್ತಕ ಅಚ್ಚುಹಾಕುವವ' ಅಂತ. ನೆಟ್ಟಗಿನ ಗೀರು ತಾಯಿ ಕೊರೆದ ದಾರಿ, ಪಕ್ಕದ್ದು ಮೊಟ್ಟೆಯೊಡೆದು ಬಂದ ಮರಿಗಳು ತಿನ್ನುತ್ತ ಹೋದ ದಾರಿ.

ಮರ ಗಟ್ಟಿಯಿದ್ದರೆ ಹುಳ ಕೊರೆದಲ್ಲಿ ಅಂಟು ಒಸರಿ ಅದನ್ನು ಮುಳುಗಿಸಿಬಿಡುತ್ತದಂತೆ. 2018ರಿಂದ ಮೂರು ವರ್ಷ ಮಳೆ ಕೈಕೊಟ್ಟು ಮರಗಳಲ್ಲಿ ಅಂಟೇ ಇರಲಿಲ್ಲ. ಬರ, ಗಾಳಿ, ಹುಳ ಎಲ್ಲ ಸೇರಿ ಜರ್ಮನಿಯಲ್ಲಿ ಸುಮಾರು 5 ಲಕ್ಷ ಹೆಕ್ಟೇರ್ ಕಾಡು ಹಾಳಾಯಿತು. ಅದರಲ್ಲಿ ಹೆಚ್ಚಿನದು ಸ್ಪ್ರೂಸ್.

'ಇಷ್ಟೊಂದು ಸ್ಪ್ರೂಸನ್ನು ಒಂದೇ ಕಡೆ ನೆಟ್ಟಿದ್ದು ಯಾಕೆ?' ಅಂತ ಒಬ್ಬ ಹುಡುಗ ಕೇಳಿದ. ಅವಳು ಜೇಬಿನಿಂದ ಹಳೆಯ ನಾಣ್ಯವೊಂದನ್ನು ತೆಗೆದು ಮಕ್ಕಳ ಕೈಯಿಂದ ಕೈಗೆ ದಾಟಿಸಿದಳು. ಯೂರೋ ಬರುವ ಮುಂಚಿನ 50 ಫೆನಿಗ್. ಅದರ ಮೇಲೆ ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಮೊಣಕಾಲೂರಿ ಓಕ್ ಸಸಿ ನೆಡುತ್ತಿದ್ದಾಳೆ. ಎರಡನೇ ಮಹಾಯುದ್ಧ ಮುಗಿದಾಗ ಇಲ್ಲಿ ಉರುವಲಿಗೆ ಮರವಿಲ್ಲ, ಮನೆ ಕಟ್ಟಲು ಮರವಿಲ್ಲ. ಇದ್ದ ಕಾಡನ್ನೂ ಗೆದ್ದ ದೇಶಗಳಿಗೆ ಪರಿಹಾರವಾಗಿ ಕಡಿದುಕೊಡಬೇಕಾಯಿತು. ಬೋಳು ಗುಡ್ಡಗಳ ಮೇಲೆ ಸಸಿ ನೆಟ್ಟವರಲ್ಲಿ ಹೆಂಗಸರೇ ಹೆಚ್ಚು. ನಾಣ್ಯದ ಮೇಲಿರುವುದು ಓಕ್, ನೆಲಕ್ಕೆ ಹೋದದ್ದು ಬಹಳ ಕಡೆ ಸ್ಪ್ರೂಸ್, ಬೇಗ ಬೆಳೆಯುತ್ತದೆ ಅಂತ. 'ಅವರ ತಪ್ಪಲ್ಲ, ಅವರಿಗೆ ಚಳಿಯಾಗುತ್ತಿತ್ತು' ಅಂದಳು. ಎಂಟು ವರ್ಷದ ಮಕ್ಕಳಿಗೆ ಅದು ಅರ್ಥವಾಯಿತು.

ಊಟದ ಡಬ್ಬಿ ಮುಗಿದ ಮೇಲೆ ನಡೆದದ್ದನ್ನು ರಘು ಗಮನವಿಟ್ಟು ಓದಬೇಕು. ಮಕ್ಕಳನ್ನು ನಾಲ್ಕು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದು ಕೆಂಪು ರಿಬ್ಬನ್ನು, ಒಂದು ಹಳದಿ ರಿಬ್ಬನ್ನು ಕೊಟ್ಟಳು. ಹಳದಿಯನ್ನು 'ಮುಂದಿನ ಕಾಲದ ಮರ'ಕ್ಕೆ ಕಟ್ಟಬೇಕು. ಕೆಂಪನ್ನು, ಆ ಮರಕ್ಕೆ ಬೆಳಕು ಬಿಡಲು ಯಾವುದನ್ನು ಕಡಿಯಬೇಕೋ ಅದಕ್ಕೆ. ಪುಟ್ಟಿಯ ಗುಂಪು ಅರ್ಧ ಗಂಟೆ ಜಗಳವಾಡಿತು. ದಪ್ಪ ಬೀಚ್ ಕಡಿದರೆ ಪಕ್ಕದ ಓಕ್‌ಗೆ ಬಿಸಿಲು ಸಿಗುತ್ತದೆ, ಆದರೆ ಬೀಚಿನಲ್ಲಿ ಮರಕುಟಿಗನ ಪೊಟರೆಯಿದೆ. ಡೊಂಕು ಮರ ಕಡಿಯೋಣ ಅಂದರೆ ಅದು ಯಾರ ಬಿಸಿಲಿಗೂ ಅಡ್ಡವಿಲ್ಲ. ಒಬ್ಬಳಂತೂ ಯಾವುದನ್ನೂ ಕಡಿಯಬಾರದು ಅಂತ ಅಳುವುದಕ್ಕೇ ಶುರುಮಾಡಿದಳು. ಫಾರೆಸ್ಟರ್ ಅವಳ ಪಕ್ಕ ಕೂತು, 'ನಿನ್ನ ಮೇಜು ಯಾವುದರಿಂದ ಮಾಡಿದ್ದು?' ಅಂತ ಮೆಲ್ಲಗೆ ಕೇಳಿದಳು. ಕೊನೆಗೆ ಪೊಟರೆಯ ಬೀಚನ್ನು ಬಿಟ್ಟು, ಓಕ್‌ನ ಇನ್ನೊಂದು ಪಕ್ಕದಲ್ಲಿದ್ದ ಎಳೆಯ ಬೀಚಿಗೆ ಕೆಂಪು ಕಟ್ಟಿದರು. ಹಳದಿ ಕಟ್ಟಿದ ಓಕ್ ಕಡಿಯುವ ಹದಕ್ಕೆ ಬರುವುದು ಯಾವಾಗ ಅಂತ ಕೇಳಿದರೆ, ಇನ್ನೂ ನೂರು ವರ್ಷದ ಮೇಲೆ. ಮಕ್ಕಳು ಬೆರಳು ಮಡಚಿ ಲೆಕ್ಕ ಹಾಕಿ ಸುಮ್ಮನಾದರು.

ಆಗ ನನಗೆ ಅಪ್ಪಿಕೋ ಚಳವಳಿಯ 'ಉಳಿಸು, ಬೆಳೆಸು, ಬಳಸು' ನೆನಪಾಯಿತು. 1983ರಲ್ಲಿ ಸಾಲ್ಕಣಿಯವರು ಕಳಸೆ ಕಾಡಿಗೆ ಹೋಗಿ, ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡದ್ದನ್ನು ನೀವು ಎಷ್ಟು ಸಲ ಹೇಳಿದ್ದೀರಿ. ಅಪ್ಪಿಕೋದ ಮಾತಿನಲ್ಲಿ ಮೂರನೆಯದು 'ಬಳಸು'. ನಮ್ಮ ಶಾಲೆಯಲ್ಲಿ ಅದನ್ನು ಯಾರೂ ಕಲಿಸಲಿಲ್ಲ. 'ಬೆಳೆಸು' ಅನ್ನುವುದೂ ವನಮಹೋತ್ಸವದ ದಿನದ ಮಟ್ಟಿಗೆ. ಪ್ರತಿ ಜುಲೈಯಲ್ಲಿ ಅತಿಥಿಗಳು ಬರುತ್ತಿದ್ದರು, ಫೋಟೋ ತೆಗೆಯುತ್ತಿದ್ದರು, ಹಿಂದಿನ ವರ್ಷದ ಗಿಡ ಸತ್ತ ಗುಂಡಿಯಲ್ಲೇ ಹೊಸ ಗಿಡ ನೆಡುತ್ತಿದ್ದರು. ಐದು ವರ್ಷ ನಾನು ಅದೇ ಗುಂಡಿಗೆ ನೀರು ಹೊತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ಅದಕ್ಕೆ ನೀರು ಯಾರು ಹಾಕುತ್ತಾರೆ ಅಂತ ಒಬ್ಬರೂ ಯೋಚಿಸಲಿಲ್ಲ. ಅದು ಇವತ್ತಿಗೂ ನನಗೆ ಸಂಕಟವೇ.

ಸಂಜೆ ಬಸ್ಸಿಗೆ ಕಾಯುವಾಗ ಫಾರೆಸ್ಟರ್ ನನ್ನನ್ನು ನಮ್ಮ ಕಾಡಿನ ವಿಚಾರ ಕೇಳಿದಳು. ಸೊಪ್ಪಿನ ಬೆಟ್ಟದ ಕತೆ ಹೇಳಿದೆ. ಅಡಿಕೆ ತೋಟದವರಿಗೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟದ್ದು, ಮತ್ತಿ, ಹೊನ್ನೆ, ಕಿಂದಳದ ಸೊಪ್ಪು ಕಡಿಯುವುದು, ದರಕು ಗುಡಿಸಿ ಕೊಟ್ಟಿಗೆಗೆ ಹಾಸುವುದು, ಅದು ಗೊಬ್ಬರವಾಗಿ ತೋಟಕ್ಕೆ ಹೋಗುವುದು. ನಾನು ಚಿಕ್ಕವಳಿದ್ದಾಗ ನೀವು ಮರದ ಬುಡದಲ್ಲಿ ನಿಂತು ಮೇಲಿದ್ದವನಿಗೆ 'ತುದಿ ಬಿಟ್ಟು ಕಡಿ' ಅಂತ ಕೂಗುತ್ತಿದ್ದಿರಲ್ಲ, ಅದನ್ನೂ ಹೇಳಿದೆ. ಅವಳ ಮುಖ ಅರಳಿತು. ಇಲ್ಲಿಯೂ ಹಿಂದಿನ ಕಾಲದಲ್ಲಿ ರೈತರು ಬೀಚ್ ಮರದ ಕೊಂಬೆಯನ್ನು ಆಳೆತ್ತರದಲ್ಲಿ ಮತ್ತೆಮತ್ತೆ ಸವರುತ್ತಿದ್ದರಂತೆ, ಕೊಟ್ಟಿಗೆಗೆ ಎಲೆ ಗುಡಿಸಿ ಒಯ್ಯುತ್ತಿದ್ದರಂತೆ. ಎಲೆ ಅತಿಯಾಗಿ ಒಯ್ದಲ್ಲಿ ನೆಲ ಬಡವಾಯಿತು. ಆ ಕಾಲದ ಬೀಚ್ ಮರಗಳು ಅಲ್ಲಲ್ಲಿ ಉಳಿದಿವೆ. ಗಂಟುಗಂಟು ತಲೆ, ಅದರಿಂದ ಎದ್ದ ಹತ್ತಾರು ಕೊಂಬೆ. ನಮ್ಮ ಬೆಟ್ಟದ ಮರಗಳ ಅಣ್ಣತಮ್ಮಂದಿರ ಹಾಗೆ.

ಅವಳು ಹೇಳಿದ ಇನ್ನೊಂದು ಸಂಗತಿಯೂ ನನಗೆ ಗೊತ್ತಿರಲಿಲ್ಲ. ಬ್ರಿಟಿಷರ ಕಾಲದಲ್ಲಿ, 1864ರಲ್ಲಿ, ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥನಾದ ಡೀಟ್ರಿಚ್ ಬ್ರಾಂಡಿಸ್ ಇದೇ ಬಾನ್ ಊರಿನವನು! ಬರ್ಮಾದಲ್ಲಿ ಆನೆಯ ಮೇಲೆ ಕೂತು, ಕಂಡ ಒಂದೊಂದು ತೇಗಕ್ಕೂ ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕಿ ಮರ ಎಣಿಸಿದನಂತೆ. 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ಶುರುಮಾಡಿದವನೂ ಅವನೇ. ಹಳ್ಳಿಯವರಿಗೂ ಅವರದೇ ಕಾಡು ಇರಲಿ ಅನ್ನುವುದು ಅವನ ಪಕ್ಷವಾಗಿತ್ತು. ಸರ್ಕಾರ ಅದನ್ನು ಕೇಳಿಸಿಕೊಳ್ಳಲಿಲ್ಲ. ಮುಂದೆ ನಮ್ಮ ಕಡೆ ಹಲಜಾತಿಯ ಕಾಡು ಸವರಿ ತೇಗ ಒಂದನ್ನೇ ನೆಟ್ಟರು, ಇಲ್ಲಿ ಸ್ಪ್ರೂಸ್ ನೆಟ್ಟ ಹಾಗೆಯೇ. ಇಲ್ಲಿಯವರಿಗೆ ಚಳಿಯ ಕಾರಣವಾದರೂ ಇತ್ತು.

ರಘು, ನಿನಗೆ ನನ್ನದೊಂದು ಕೋರಿಕೆ. ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ'ಕ್ಕೆ ನಿನ್ನ ಶಾಲೆಯ ಸರದಿ ಬಂದರೆ ಮಕ್ಕಳನ್ನು ಖಂಡಿತ ಕಳಿಸು. ಆದರೆ ಅಲ್ಲಿಯವರೆಗೂ ಕಾಯಬೇಡ. ನಮ್ಮ ಬೆಟ್ಟ ಶಾಲೆಯಿಂದ ಎಷ್ಟು ದೂರ? ಒಂದು ಶನಿವಾರ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗು, ಪಾಠ ಅಪ್ಪಯ್ಯ ಹೇಳಲಿ. ಯಾವ ಮರದ ಸೊಪ್ಪು ಬೇಗ ಕೊಳೆಯುತ್ತದೆ, ಯಾವ ಕೊಂಬೆ ಸವರಬಹುದು, ಯಾವುದನ್ನು ಮುಟ್ಟಬಾರದು, ಎಷ್ಟು ವರ್ಷಕ್ಕೆ ಅದೇ ಮರಕ್ಕೆ ಮತ್ತೆ ಕತ್ತಿ ಹಾಕಬಹುದು. ಅಪ್ಪಯ್ಯ, ದಯವಿಟ್ಟು 'ನನಗೇನು ಗೊತ್ತು' ಅನ್ನಬೇಡಿ. ಆ ಫಾರೆಸ್ಟರ್ ಅಷ್ಟು ಓದಿ ಹೇಳಿದ್ದರಲ್ಲಿ ಅರ್ಧವನ್ನು ನಾನು ನಿಮ್ಮ ಬಾಯಲ್ಲಿ ಕೇಳಿದ್ದೆ. ತುದಿ ಬಿಟ್ಟು ಕಡಿದದ್ದಕ್ಕೇ ನಮ್ಮ ಬೆಟ್ಟದಲ್ಲಿ ಅಜ್ಜನ ಕಾಲದ ಮರಗಳು ಇನ್ನೂ ಚಿಗುರುತ್ತಿವೆ. ಅದನ್ನು ಕೇಳಿದ ಮಕ್ಕಳು ಊರಿನಲ್ಲಿ ಈಗ ಎಷ್ಟಿದ್ದಾರೆ?

ಪುಟ್ಟಿಯೂ ಒಂದು ಕೆಲಸ ಹೇಳಿದ್ದಾಳೆ. ಅವರ ಹಳದಿ ರಿಬ್ಬನ್ನಿನ ಓಕ್‌ನ ಸುತ್ತಳತೆ 1 ಮೀಟರ್ 12 ಸೆಂಟಿಮೀಟರ್. ಪ್ರತಿ ಶರತ್ಕಾಲಕ್ಕೂ ಹೋಗಿ ಅಳೆಯುತ್ತಾರಂತೆ. ಕೊಟ್ಟಿಗೆ ಹಿಂದಿನ ಮತ್ತಿಮರವನ್ನು ಅಜ್ಜ ಅಳೆದು ಕಳಿಸಬೇಕಂತೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯಬೇಕು, ಅಲ್ಲಿ ಸುಣ್ಣದಲ್ಲಿ ಒಂದು ಗೆರೆ ಎಳೆದುಕೊಳ್ಳಿ, ಮುಂದಿನ ವರ್ಷವೂ ಅಲ್ಲೇ ಅಳೆಯಲು ಆಗುತ್ತದೆ. ಟೇಪು ಇಲ್ಲದಿದ್ದರೆ ಹಗ್ಗ ಸುತ್ತಿ, ಆಯಿಯ ಹೊಲಿಗೆ ಪೆಟ್ಟಿಗೆಯ ಅಳತೆಪಟ್ಟಿಯಲ್ಲಿ ನೋಡಿದರೂ ಸಾಕು.

ಇಂತಿ ನಿಮ್ಮ ಪ್ರೀತಿಯ ಮಗಳು,
ಸುಮಾ